ಬೆಟ್ಟದ ಬೆಂಕಿ, ಬಯಲಿನ ನೀರು



ಕಡೂರಿನ ಬಯಲಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಬಾಬಾಬುಡನ್ ಗಿರಿಸಾಲು ಕಾಣುತ್ತದೆ. ಆ ಸಾಲಿನಲ್ಲಿ, ಚಿಕ್ಕಮಗಳೂರು ತಾಲ್ಲೂಕಿನ ಮಲ್ಲೇನಹಳ್ಳಿಯ ಬಳಿ ಇರುವುದು ದೇವೀರಮ್ಮನ ಬೆಟ್ಟ. ನರಕ ಚತುರ್ದಶಿಗೆ ಸಾವಿರಾರು ಜನ ಅದನ್ನು ಬರಿಗಾಲಲ್ಲಿ ಹತ್ತುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರೂ ಅವರಲ್ಲುಂಟು. ಹಿಂದಿನ ರಾತ್ರಿಯೇ ಹೊರಡುವವರು ಬಹಳ. ಕಡಿದಾದ ಹುಲ್ಲುಬೆಟ್ಟ, ಮಳೆ ಬಂದರಂತೂ ಕಾಲು ನಿಲ್ಲದು. 2024ರಲ್ಲಿ ಹಾಗೆ ಜಾರಿ ಬಿದ್ದು ಹಲವರು ಗಾಯಗೊಂಡರು.

ಹರಕೆ ಹೊತ್ತವರು ಸೌದೆ, ತುಪ್ಪ, ಬಟ್ಟೆ ಒಯ್ಯುತ್ತಾರೆ. ಸಂಜೆ ತುದಿಯಲ್ಲಿ ಬೆಂಕಿ ಎದ್ದಾಗ ಅದನ್ನು ಕಂಡು ಸುತ್ತಲ ಊರುಗಳಲ್ಲಿ ಮನೆದೀಪ ಹಚ್ಚುವುದು ರೂಢಿ. ಪಂಚಾಂಗ ಏನೇ ಹೇಳಲಿ, ಇಲ್ಲಿ ಹಬ್ಬಕ್ಕೆ ಅಪ್ಪಣೆ ಕೊಡುವುದು ಬೆಟ್ಟ!

ಈ ಭಕ್ತಿಗೆ ನೆಲದ ಕಾರಣವೂ ಇದೆ ಎನ್ನಬಹುದು. ಕಡೂರು ಮಳೆ ಕಡಿಮೆಯ ಸೀಮೆ. ಅದಕ್ಕೆ ನೀರು ಬರುವುದು ಇದೇ ಗಿರಿಸಾಲಿನಿಂದ. ಸಖರಾಯಪಟ್ಟಣದ ಅಯ್ಯನಕೆರೆ ತುಂಬುವುದು ಇಲ್ಲಿಯ ಹಳ್ಳಗಳಿಂದಲೇ. ವೇದಾ ಮತ್ತು ಅವತಿ ಹೊಳೆಗಳು ಇಲ್ಲೇ ಹುಟ್ಟಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ತರೀಕೆರೆ ತಾಲ್ಲೂಕಿನ ಕಲ್ಹತ್ತಿಗಿರಿಯಲ್ಲಿ ಜಲಪಾತದ ಮಡಿಲಲ್ಲೇ ವೀರಭದ್ರನ ಗುಡಿ.

ದೂರದ ಜಪಾನಿನ ಕುಮಾನೊ ಯಾತ್ರಾಮಾರ್ಗ ಇದಕ್ಕೆ ಸಮೀಪದ ನೆಂಟ. ಸಾವಿರ ವರ್ಷಕ್ಕೂ ಹಳೆಯ ಆ ದಾರಿಯಲ್ಲಿ ಕಾಡು, ಬಂಡೆ, ನದಿ ಎಲ್ಲವೂ ಪೂಜ್ಯ. 133 ಮೀಟರ್ ಎತ್ತರದ ನಾಚಿ ಜಲಪಾತವೇ ಅಲ್ಲಿ ದೇವರು. ಪ್ರತಿ ಜುಲೈ 14ರಂದು ಅದರ ಮುಂದೆ ಪಂಜಿನ ಉತ್ಸವ. ಯುನೆಸ್ಕೊ 2004ರಲ್ಲಿ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ 1906ರಲ್ಲಿ ಅಲ್ಲಿನ ಸರ್ಕಾರವೇ ಸಣ್ಣ ಗುಡಿಗಳನ್ನು ಒಂದುಗೂಡಿಸಲು ಹೊರಟಾಗ ಎಷ್ಟೋ ದೇವರಕಾಡುಗಳು ಕೊಡಲಿಗೆ ಬಲಿಯಾದವು. ಮಿನಾಕಾಟಾ ಕುಮಾಗುಸು ಎಂಬ ಸಸ್ಯವಿಜ್ಞಾನಿ ಅದನ್ನು ವಿರೋಧಿಸಿ 1910ರಲ್ಲಿ ಸೆರೆಮನೆಯನ್ನೂ ಕಂಡರು. ಗುಡಿಯೊಂದಿಗೆ ಕಾಡು ಹೋದರೆ ಊರೂ ಬಡವಾಗುತ್ತದೆಂಬುದು ಅವರ ವಾದವಾಗಿತ್ತು.

ದೇವೀರಮ್ಮನ ಬೆಟ್ಟಕ್ಕೆ ಕೊಡಲಿಯ ಭಯಕ್ಕಿಂತ ಪಾದಗಳ ಭಾರವೇ ಹೆಚ್ಚು. ಹತ್ತುವವರನ್ನು ಬೇಡವೆನ್ನಲಾಗದು, ಅದು ಅವರ ಹಕ್ಕು. ಆದರೆ ಕಂಡಕಂಡಲ್ಲಿ ಅಡ್ಡದಾರಿ ಹಿಡಿಯುವುದು, ಪ್ಲಾಸ್ಟಿಕ್ ಬಾಟಲಿ ಎಸೆದು ಬರುವುದು ಯಾವ ಹರಕೆ? ಮಳೆನೀರನ್ನು ಹಿಡಿದಿಟ್ಟು ತಿಂಗಳುಗಟ್ಟಲೆ ಹಳ್ಳಗಳಿಗೆ ಬಿಡುವುದು ಈ ಹುಲ್ಲು, ಕಣಿವೆಗಳ ಶೋಲಾ ಕಾಡು. ಹುಲ್ಲು ಸವೆದಲ್ಲಿ ಮಣ್ಣು ಸಡಿಲವಾಗುತ್ತದೆ. ಮಳೆಗಾಲದಲ್ಲಿ ಆ ಮಣ್ಣು ಹರಿದು ಸೇರುವುದು ಕೆಳಗಿನ ಕೆರೆಗಳನ್ನೇ.