ಹಲಸಿನ ಹಬ್ಬದಲ್ಲಿ ಕಲಿತ ಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಪರಿಸರದ ಬಗ್ಗೆ ಎರಡು ಮಾತು ಆಡಬೇಕೆಂದು ನನಗೆ ಹೇಳಿದ್ದಾರೆ. ದೊಡ್ಡ ಮಾತುಗಳನ್ನು ನೀವು ಪಠ್ಯಪುಸ್ತಕದಲ್ಲೇ ಓದಿದ್ದೀರಿ. ಆದ್ದರಿಂದ ಮನೆಮಂದಿಯೊಡನೆ ನಾನು ಹೋಗಿದ್ದ ಒಂದು ಹಬ್ಬದ ವಿಷಯ ಹೇಳುತ್ತೇನೆ.

ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಸಹಜ ಸಮೃದ್ಧ ಸಂಸ್ಥೆಯವರು ಹಲಸಿನ ಹಬ್ಬ ನಡೆಸಿದ್ದರು. ನಮ್ಮ ಮನೆಮಾತಿನಲ್ಲಿ ಹಲಸಿಗೆ ಫಣಸ್ ಎನ್ನುತ್ತೇವೆ. ಉರ್ದು ಪಾಠ ಮಾಡುವಾಗ ಕಟಹಲ್ ಎಂದರೆ ಮಕ್ಕಳು ಕಣ್ಣುಕಣ್ಣು ಬಿಡುತ್ತಾರೆ. ಅಂದು ಮಾತ್ರ ಯಾವ ಅರ್ಥವನ್ನೂ ಹೇಳಬೇಕಾಗಲಿಲ್ಲ, ಬಾಗಿಲಲ್ಲೇ ಘಮ ಹಿಡಿಯಿತು. ಹಪ್ಪಳ, ಚಿಪ್ಸು, ಹೋಳಿಗೆ, ಎಳೆಗಾಯಿಯ ಬಿರಿಯಾನಿ. 'ಮಾಂಸವಿಲ್ಲದ ಬಿರಿಯಾನಿಯೇ?' ಎಂದು ಮೂಗು ಮುರಿದ ನನ್ನ ಮಗ ಎರಡನೆಯ ತಟ್ಟೆ ಕೇಳಿದ. ತೊಳೆಯನ್ನು ತಿಂದರು, ಬೀಜವನ್ನು ಪಲ್ಯಕ್ಕೆ ಎತ್ತಿಟ್ಟರು, ಸಿಪ್ಪೆ ದನಕ್ಕೆ. ಇಷ್ಟು ಪೂರ್ತಿಯಾಗಿ ಉಪಯೋಗಕ್ಕೆ ಬರುವ ಹಣ್ಣು ನಮ್ಮ ಪೇಟೆಯಲ್ಲಿ ಮಾತ್ರ ಗಾಡಿಯ ಮೇಲೆ ನೊಣ ಮುತ್ತಿಸಿಕೊಂಡು ಕೂತಿರುತ್ತದೆ. ಕೇರಳದವರು 2018ರಲ್ಲಿ ಇದನ್ನೇ ರಾಜ್ಯದ ಹಣ್ಣೆಂದು ಸಾರಿದರು.

ಆದರೆ ನಾನು ನಿಂತುಬಿಟ್ಟದ್ದು ಸಸಿಗಳ ಮಳಿಗೆಯ ಮುಂದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸಿನ ಮಾತು ಅಲ್ಲಿ ನಡೆದಿತ್ತು. ರೈತರಾದ ಪರಮೇಶ್ ಅವರ ತಂದೆ ಸಿದ್ದಪ್ಪನವರು ನೆಟ್ಟ ಒಂದೇ ಒಂದು ಮರ ಅದು. ಸುಮಾರು ಎರಡೂವರೆ ಕಿಲೋ ತೂಗುವ ಪುಟ್ಟ ಹಣ್ಣು, ತಾಮ್ರದಂಥ ಕೆಂಪು ತೊಳೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು 2017ರಲ್ಲಿ ಆ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡ ಮೇಲೆ ಅದರ ಕಸಿ ಗಿಡಗಳು ನಾಡಿನಾದ್ಯಂತ ಹೋದವು. 'ಕಸಿಯೇ ಏಕೆ? ಬೀಜ ಹಾಕಿದರಾಗದೆ?' ಎಂದು ಕೇಳಿದೆ. ಮಳಿಗೆಯವರು ನಕ್ಕರು. ಹಲಸು ಪರಕೀಯ ಪರಾಗಸ್ಪರ್ಶದ ಮರ. ಬೀಜದಿಂದ ಹುಟ್ಟಿದ್ದು ತಾಯಿಯಂತೆಯೇ ಇರುತ್ತದೆಂಬ ಭರವಸೆ ಇಲ್ಲ. ಒಂದೊಂದು ಮರವೂ ಒಂದೊಂದು ತಳಿ.

ನನಗೆ ಮಾತು ಹೊರಡಲಿಲ್ಲ. ನನ್ನ ನಾನಿಯ ಹಿತ್ತಲಲ್ಲಿ ಒಂದು ಬಕ್ಕೆ ಹಲಸಿತ್ತು, ಜೇನಿನಂಥದು. ಹನ್ನೆರಡು ವರ್ಷದ ಹಿಂದೆ, ಮದುವೆಗೆ ಒಂದು ಕೋಣೆ ಬೇಕೆಂದು ನಾವೇ ಕಡಿಸಿದೆವು. ಆ ಕೋಣೆಯ ಬಾಗಿಲು ಅದರದೇ ಹಲಗೆ. ನಾನಿ ಅತ್ತಾಗ, 'ಬೀಜ ಹಾಕಿದರೆ ಅದೇ ಮರ ಬರುತ್ತದೆ' ಎಂದು ಸಮಾಧಾನ ಹೇಳಿದವನು ನಾನು, ಬಿ.ಎಡ್. ಮಾಡಿದ ಮೇಷ್ಟ್ರು! ಅವರು ನಂಬಿ ಎರಡು ಸಸಿ ಬೆಳೆಸಿದರು. ಒಂದು ಈಗ ಹಣ್ಣು ಬಿಡುತ್ತಿದೆ. ಬಕ್ಕೆಯಲ್ಲ, ಅಂಬಲಿ, ತೊಳೆ ಬಾಯಲ್ಲಿ ಲೋಳೆಲೋಳೆ. ನಾನಿ ಅದನ್ನೇ ತಿಂದು 'ಅಚ್ಛಾ ಹೈ' ಎನ್ನುತ್ತಾರೆ. ಹಬ್ಬದಿಂದ ಬಂದ ದಿನ ಅವರಿಗೆ ನಿಜ ಹೇಳಿದೆ. 'ನನಗೆ ಮೊದಲ ಹಣ್ಣಿನಲ್ಲೇ ಗೊತ್ತಾಗಿತ್ತು' ಎಂದರು.

ವಿದ್ಯಾರ್ಥಿಗಳೇ, ಕಸಿ ಕಟ್ಟಲು ಬಲ್ಲವರೊಬ್ಬರು ಈ ಮಳೆಗಾಲದಲ್ಲಿ ನಮ್ಮ ಶಾಲೆಗೆ ಬರಲು ಒಪ್ಪಿದ್ದಾರೆ. ನಿಮ್ಮ ಕೇರಿಯಲ್ಲಿ ಕಡಿಯಲು ಗೊತ್ತು ಮಾಡಿರುವ ಹಲಸಿನ ಮರವಿದ್ದರೆ, ಹಣ್ಣಿನ ರುಚಿ, ತೊಳೆಯ ಬಣ್ಣ, ಮರದ ಮಾಲೀಕರ ಹೆಸರು ಒಂದು ಚೀಟಿಯಲ್ಲಿ ಬರೆದು ಭಾನುವಾರದೊಳಗೆ ನನಗೆ ಕೊಡಿ. ಕೊಡಲಿ ಬೀಳುವ ಮುಂಚೆ ಒಂದು ಗೇಣು ರೆಂಬೆ ಸಿಕ್ಕರೆ ಸಾಕು.