ಹಗರಿಯ ಉಸುಕಿನ ನಾಡಿನಲ್ಲಿ ಮೂರು ದಿನ



ರಾಜ್ಯೋತ್ಸವದ ಸಭೆಯಲ್ಲಿ ಪ್ರವಾಸದ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸೀತು. ನಾಡಿನ ಹಿರಿಮೆಯನ್ನು ಕುರಿತು ಮಾತನಾಡಲು ನನಗಿಂತ ಬಲ್ಲವರು ವೇದಿಕೆಯ ಮೇಲೆಯೇ ಇದ್ದಾರೆ. "ಸಂಕ್ರಾಂತಿಯ ರಜದಲ್ಲಿ ಹೋಗಿಬಂದಿರಲ್ಲ, ಅದನ್ನೇ ನಾಲ್ಕು ಮಾತು ಹೇಳಿ" ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದುದರಿಂದ ಎದ್ದು ನಿಂತಿದ್ದೇನೆ.

ವಿಶಾಖಪಟ್ಟಣದಿಂದ ಎರಡು ಮನೆಯವರು, ವಿಜಯವಾಡದಿಂದ ಒಂದು ಮನೆಯವರು, ಮಕ್ಕಳೂ ಸೇರಿ ಹನ್ನೊಂದು ಜನ. ರಜ ಬಂದರೆ ಅರಕು ಕಣಿವೆಗೋ ಬೊರ್ರಾ ಗುಹೆಗೋ ಹೋಗುವುದು ನಮ್ಮ ವಾಡಿಕೆ. ಈ ಸಲ ವಿಜಯವಾಡದ ಮಿತ್ರರು, "ನಿಮಗೆ ಸಮುದ್ರ, ನಮಗೆ ಕೃಷ್ಣೆ. ನೀರು ನೋಡಿದ್ದು ಸಾಕು, ನೀರಿಲ್ಲದ ಊರಿಗೆ ಹೋಗೋಣ" ಎಂದರು. ಹೇಳಿದ್ದು ನಗುನಗುತ್ತಲೇ. ಆದರೆ ಅವರ ತಾಯಿಯ ತಾಯಿ ರಾಯದುರ್ಗದ ಸೀಮೆಯವರು. ಅಜ್ಜಿಯ ಪಾಲಿನ ಮೂರು ಎಕರೆ ಹೊಲ ಇನ್ನೂ ಅಲ್ಲಿ ಉಳಿದಿತ್ತು. ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ತಿಳಿಸಿ ಎಂದು ಅಲ್ಲಿಯ ಮಾವನವರಿಂದ ಎರಡು ಸಲ ಕರೆ ಬಂದಿತ್ತು.

ವಿಜಯವಾಡದಲ್ಲಿ ರಾತ್ರಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದೆವು. ಗುಂಟೂರು ಕಳೆದು, ನಲ್ಲಮಲೆಯ ಕಾಡನ್ನು ನಿದ್ದೆಯಲ್ಲಿಯೇ ದಾಟಿ, ನಂದ್ಯಾಲ, ಗುಂತಕಲ್ಲು ಹಾದು ಬೆಳಗ್ಗೆ ಬಳ್ಳಾರಿಯಲ್ಲಿ ಇಳಿದೆವು. ಅಲ್ಲಿಂದ ರಾಯದುರ್ಗ ಸುಮಾರು 50 ಕಿಲೋಮೀಟರು.

ಈ ಊರಿನ ಚರಿತ್ರೆಯನ್ನು ನಮ್ಮ ಮಕ್ಕಳು ತಿಳಿದಿರಬೇಕು. ರಾಯದುರ್ಗ ಮೊದಲು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು; ಬಳ್ಳಾರಿ ಮೈಸೂರಿಗೆ ಬಂದಿತು. ಮೂರು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದುಗೂಡಿದ ದಿನವೇ ಆಂಧ್ರಪ್ರದೇಶವೂ ಆಯಿತು. ಗೆರೆ ನಕ್ಷೆಯ ಮೇಲೆ ಬಿದ್ದಿತು, ನಾಲಿಗೆಯ ಮೇಲೆ ಬೀಳಲಿಲ್ಲ. ಪೇಟೆಯಲ್ಲಿ ವ್ಯಾಪಾರ ಕನ್ನಡದಲ್ಲಿ ಮೊದಲಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಬೆಳಗಿನ ತಿಂಡಿಗೆ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ. ಅದಕ್ಕೆ ಹಾಕಿದ್ದು ಮಂಡಕ್ಕಿಯೋ ಬೊರುಗುಲೋ ಎಂದು ಮಕ್ಕಳು ಜಗಳಕ್ಕೆ ನಿಂತರೆ ಅಂಗಡಿಯಾತ ಎರಡು ಹೆಸರನ್ನೂ ಒಪ್ಪಿಕೊಂಡು ಇನ್ನೊಂದು ತಟ್ಟೆ ಕೊಟ್ಟ. ಮನೆಯಲ್ಲಿ ಕನ್ನಡ ಆಡಲು ನಾಚುವ ನಮ್ಮ ಹುಡುಗಿ ಆತನೊಡನೆ ಕಾಲು ಗಂಟೆ ಹರಟಿದಳು. ನಾವು ಮನೆಯಲ್ಲಿ ಪಾಠ ಹೇಳಿದ್ದಕ್ಕಿಂತ ಆ ಬಜ್ಜಿಯ ಅಂಗಡಿಯೇ ಮೇಲೆಂದು ನನ್ನಾಕೆ ತೀರ್ಪು ಕೊಟ್ಟಳು.

ಬೆಟ್ಟ ಹತ್ತಿದೆವು. ಪಾಳೆಯಗಾರರ ಕೋಟೆ, ಬಂಡೆಯಲ್ಲಿ ಕೊರೆದ ಸಣ್ಣ ಗುಹೆಗಳು, ಅವುಗಳ ಬಳಿ ಜೈನ ಮೂರ್ತಿಗಳು. ರಸಸಿದ್ಧರ ತಾಣವೆಂದು ಜನ ಕರೆಯುತ್ತಾರೆ. ಕೆಳಗೆ ದಶಭುಜ ಗಣಪತಿಗೆ ಕೈಮುಗಿದೆವು. ಇವನ್ನೆಲ್ಲ ವರ್ಣಿಸುತ್ತ ಕುಳಿತರೆ ಮುಖ್ಯವಾದುದಕ್ಕೆ ಹೊತ್ತು ಸಾಲದು.

ಮರುದಿನ ಬೊಮ್ಮನಹಾಳಿನ ಕಡೆಗೆ ಹೊರಟೆವು. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಹರಿಯುವ ಕಡೆಯಲ್ಲಿ ಬತ್ತದ ಗದ್ದೆ, ಬೆಳ್ಳಕ್ಕಿಗಳ ಸಾಲು. ಗೋದಾವರಿ ಜಿಲ್ಲೆಗೇ ಬಂದೆವೇನೋ ಎನ್ನಿಸಿತು. ಸ್ವಲ್ಪ ದೂರ ಹೋದರೆ ದರ್ಗಾ ಹೊನ್ನೂರು, ಗೋವಿಂದವಾಡ, ಬಿದುರುಕುಂತಂ ಊರುಗಳ ಸುತ್ತ ಉಸುಕಿನ ದಿಬ್ಬಗಳು! ಮಕ್ಕಳು ರಾಜಸ್ಥಾನವೆಂದು ಕೂಗಿ ಜಾರಿದರು. ಸಿನಿಮಾದವರೂ ಮರಳುಗಾಡಿನ ದೃಶ್ಯ ಬೇಕಾದಾಗ ಇಲ್ಲಿಗೆ ಬಂದದ್ದುಂಟು.

ಈ ಉಸುಕು ಬಂದದ್ದು ಹಗರಿಯಿಂದ. ಬಾಬಾಬುಡನ್‌ ಗಿರಿಯ ಕಡೆ ಹುಟ್ಟುವ ವೇದಾವತಿಯೇ ಇಲ್ಲಿ ಹಗರಿ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ 1907ರಿಂದ ವಾಣಿವಿಲಾಸ ಸಾಗರದ ಕಟ್ಟೆ, ಕೆಳಗೆ ಭೈರವಾನಿತಿಪ್ಪದ ಕಟ್ಟೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ ಎಂದರೆ ನದಿಯ ಸ್ಥಿತಿ ತಿಳಿಯುತ್ತದೆ. ವಿಶಾಖಪಟ್ಟಣಕ್ಕೆ ವರ್ಷಕ್ಕೆ ಸುಮಾರು 1,000 ಮಿಲಿಮೀಟರು ಮಳೆಯಾದರೆ ಅನಂತಪುರ ಜಿಲ್ಲೆಗೆ ಸುಮಾರು 550. ಮುಂಗಾರಿನ ಮೋಡವನ್ನು ಪಶ್ಚಿಮ ಘಟ್ಟ ಹಿಂಡಿಕೊಳ್ಳುತ್ತದೆ. ಹಿಂಗಾರಿನದನ್ನು ಕರಾವಳಿಯವರಾದ ನಾವು. ಆ ಸೀಮೆಗೆ ಮುಟ್ಟುವುದು ಮಳೆಯಿಲ್ಲದ ಗಾಳಿ. ಒಣಗಿದ ಪಾತ್ರದ ಉಸುಕನ್ನು ಅದು ಎತ್ತಿ ಮೂಡಲ ದಂಡೆಯ ಹೊಲಗಳ ಮೇಲೆ ಸುರಿಯುತ್ತದೆ. ಉಸುಕಿನ ಕಾಟ ಹೊಸದಲ್ಲ. ಆದರೆ ಮರಗಳು ಹೋಗಿ, ಎಲ್ಲೆಲ್ಲಿಯೂ ಶೇಂಗಾ ಒಂದೇ ಬೆಳೆಯಾಗಿ, ಕೊಳವೆ ಬಾವಿಗಳು ಆಳಕ್ಕಿಳಿದ ಮೇಲೆ ಅದನ್ನು ತಡೆಯುವುದಕ್ಕೆ ಏನೂ ಉಳಿದಿಲ್ಲ.

ಮಾವನವರು ಹೊಲ ತೋರಿಸಿದರು. ಮೂರು ಎಕರೆಯಲ್ಲಿ ಒಂದು ಎಕರೆ ಕಣ್ಣಿಗೆ ಕಾಣದು. "ಆಷಾಢದ ಗಾಳಿ ಎದ್ರ ಉಣ್ಣೋ ತಾಟಿನಾಗೂ ಉಸುಕು, ಹಾಸಿಗ್ಯಾಗೂ ಉಸುಕು. ಬಿತ್ತೋ ಮುಂದ ಟ್ರಾಕ್ಟರ್ ಹಚ್ಚಿ ಬಳೀತೀವಿ. ಮತ್ತ ಬರತೈತಿ. ನನ್ನ ಮಗ ಬಳ್ಳಾರ್ಯಾಗ ಜೀನ್ಸ್ ಹೊಲಿಯಾಕ ಹೋಗ್ಯಾನ. ನಾ ಎಷ್ಟು ದಿನ ಬಳೀಲಿ? ನೀವ ಹೇಳ್ರಿ." ನಮ್ಮ ಮಿತ್ರರು ಉತ್ತರ ಕೊಡಲಿಲ್ಲ. ಮಾರಿದರೆ ಕೊಳ್ಳುವವರಿಲ್ಲ, ಬಿಟ್ಟರೆ ಪಕ್ಕದ ಮಾವನ ಹೊಲಕ್ಕೆ ಉಸುಕಿನ ದಾರಿ ತೆರೆದಂತೆ. ಉಂಡದ್ದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಊಟದ ಮೇಲೆ ಅತ್ತೆಯವರು ನಮ್ಮ ಹುಡುಗಿಯನ್ನು ಕೂಡಿಸಿಕೊಂಡು, "ಇಶಾಕಪಟ್ನದಾಗೂ ನಮ್ಮ ಮಂದಿ ಅದಾರೇನವ್ವಾ?" ಎಂದು ಕೇಳಿದರು. ಅವರಿಗೆ ನಮ್ಮ ಸಂಘದ ಸಂಗತಿಯನ್ನೆಲ್ಲ ಹೇಳಿದವಳು ಅವಳೇ.

ಸಂಜೆ ಮಿತ್ರರು ಒಂದು ಮಾತಿಗೆ ಬಂದರು. ಹೊಲ ಮಾರುವುದಿಲ್ಲ, ಪಡುವಣ ಬದುವಿನುದ್ದಕ್ಕೂ ಹೊಂಗೆ, ಬೇವು ನೆಡುವುದು, ಮೊದಲ ಎರಡು ವರ್ಷ ನೀರು ಹೊರಿಸುವ ಖರ್ಚು ತಮ್ಮದು. ಮಾವನವರು ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ನಲವತ್ತು ಸಸಿಗೆ ಗುಣಿ ಎಲ್ಲೆಲ್ಲಿ ತೆಗೆಯಬೇಕೆಂದು ಹೆಜ್ಜೆಯಿಂದ ಅಳೆದು ತೋರಿಸಿದರು.

ಈ ವರ್ಷ ಗಾಳಿಯ ದಿನಗಳು ಕಳೆದ ಮೇಲೆ ಅವರಿಂದ ಕರೆ ಬಂದಿತ್ತು. ಬದುವಿನ ಮೇಲೆ ಮೊಣಕಾಲುದ್ದ ಉಸುಕು ಏರಿದೆಯಂತೆ. ನಲವತ್ತರಲ್ಲಿ ಹದಿನೇಳು ಸಸಿ ಉಳಿದಿವೆ, ಹೆಚ್ಚಿನವು ಬೇವು. ಸತ್ತ ಗುಣಿಗಳಲ್ಲಿ ಮತ್ತೆ ಬೇವನ್ನೇ ಇಡುತ್ತಾರಂತೆ. ಬರುವ ಸಂಕ್ರಾಂತಿಗೆ ಹೊರಡುವವರು ಕಾರ್ಯದರ್ಶಿಗಳ ಬಳಿ ಹೆಸರು ಕೊಡಬಹುದು; ಅತ್ತೆಯವರು ಹುಡುಗಿಯನ್ನಂತೂ ತಪ್ಪದೆ ಕರೆತರಲು ಹೇಳಿದ್ದಾರೆ.