ಹದ ತಪ್ಪದ ಬಿತ್ತನೆ

(ಯುವಕ ಸಂಘದ ಸಭೆಯಲ್ಲಿ ಗ್ರಾಮ ಮಟ್ಟದ ಕಾರ್ಯಕರ್ತರು ಮಾಡಿದ ಭಾಷಣ)



ನಾನು ಮಾತಿಗೆ ನಿಂತರೆ ಬೀಜದ ವಿಷಯವೋ ಗೊಬ್ಬರದ ವಿಷಯವೋ ಬರುತ್ತದೆಂದು ನೀವು ಎಣಿಸುವುದು ಸಹಜ. ಕೃಷಿ ಡಿಪ್ಲೊಮಾದಲ್ಲಿ ನಾನು ಕಲಿತದ್ದೂ ಅದನ್ನೇ. ಆದರೆ ಈ ಹೊತ್ತು ಕಿವಿ ಕೇಳಿಸದ ಮಕ್ಕಳ ವಿಚಾರವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕೆಂದು ಬಂದಿದ್ದೇನೆ.

ಹೋದ ವರ್ಷದ ಮುಂಗಾರಿನಲ್ಲಿ ಪಟ್ಟಣದ ಕಿವುಡ ಮಕ್ಕಳ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. ಶಾಲೆಯ ಹಿಂದೆ ಐದಾರು ಗುಂಟೆ ಜಾಗ ಬರಿದಾಗಿ ಬಿದ್ದಿತ್ತು. ಮಕ್ಕಳಿಂದ ಕೈತೋಟ ಮಾಡಿಸಬೇಕೆಂದು ಅವರ ಆಸೆ. ನಾನು ಹೋದವನೇ ನಿಮ್ಮ ಮುಂದೆ ಮಾಡುವಂತೆ ಭಾಷಣಕ್ಕೆ ತೊಡಗಿದೆ. ಮಕ್ಕಳು ನನ್ನ ಬಾಯನ್ನು ನೋಡಲಿಲ್ಲ, ಕೈಗಳನ್ನು ನೋಡಿದರು. ಆಗ ನನಗೆ ಬುದ್ಧಿ ಬಂತು. ಮಾತು ನಿಲ್ಲಿಸಿ ಸಾಲು ತೆಗೆದೆ. ಗಿಡದಿಂದ ಗಿಡಕ್ಕೆ ಒಂದು ಮೊಳ ಅಳೆದು ಮೆಣಸಿನ ಸಸಿ ನೆಟ್ಟು ತೋರಿಸಿದೆ. ಒಂದು ಗಂಟೆಯೊಳಗೆ ಮಕ್ಕಳು ಉಳಿದ ಸಾಲುಗಳನ್ನೆಲ್ಲ ಮುಗಿಸಿಬಿಟ್ಟರು.

ಒಂದು ತಿಂಗಳ ಮೇಲೆ ಮತ್ತೆ ಹೋದಾಗ ಹನ್ನೆರಡು ವರ್ಷದ ಒಬ್ಬ ಹುಡುಗ ನನ್ನ ತೋಳು ಹಿಡಿದು ಎಳೆದುಕೊಂಡು ಹೋದನು. ಒಂದು ಗಿಡದ ಕುಡಿ ಎಲೆಗಳು ದೋಣಿಯಂತೆ ಮೇಲಕ್ಕೆ ಮಡಿಸಿಕೊಂಡಿದ್ದವು. ಹುಡುಗ ಎಲೆಯನ್ನು ಮಗುಚಿ, ಕಣ್ಣಿಗೆ ಕಾಣಿಸುವುದೂ ಕಷ್ಟವಾದ ಥ್ರಿಪ್ಸ್ ನುಸಿಯನ್ನು ತೋರಿಸಿದನು. ಪಕ್ಕದ ಗಿಡದಲ್ಲಿ ಎಲೆ ಕೆಳಕ್ಕೆ ಮುದುಡಿತ್ತು. ಅಲ್ಲಿಗೂ ಬೆರಳು ಮಾಡಿ, ಇದು ಬೇರೆ ಎಂದು ಸನ್ನೆ ಮಾಡಿದನು. ಅದು ನಿಜಕ್ಕೂ ಬೇರೆ. ಅದು ಮೈಟ್ ನುಸಿಯ ಕೆಲಸ. ಮುಟುರು ರೋಗದ ಈ ಎರಡು ಬಗೆಗಳನ್ನು ಗುರುತಿಸಲು ನಾನು ಪುಸ್ತಕ ಓದಬೇಕಾಯಿತು. ಆ ಹುಡುಗ ಬರಿಯ ಕಣ್ಣಿನಿಂದ ಕಲಿತಿದ್ದನು. ಇಂಥವರನ್ನು ನಾವು ‘ಮೂಗ’ ಎಂದು ಕರೆದು ಮೂಲೆಗೆ ಕೂರಿಸುತ್ತೇವೆ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ನಮ್ಮ ಬ್ಲಾಕಿನ ಬೇರೊಂದು ಹಳ್ಳಿಯಲ್ಲಿ ಒಬ್ಬ ರೈತರಿದ್ದಾರೆ. ಅವರ ಅಪ್ಪಣೆ ಪಡೆದೇ ಇದನ್ನು ಹೇಳುತ್ತಿದ್ದೇನೆ, ಹೆಸರು ಬೇಡ. ಎರಡು ವರ್ಷ ಅವರ ಮನೆಗೆ ಹೋಗಿ ಬಂದು ಮಾಡಿದೆ. ರಾಗಿ ಬೀಜ ಕೊಟ್ಟೆ, ಮಣ್ಣು ಪರೀಕ್ಷೆ ಮಾಡಿಸಿದೆ. ಕೊಟ್ಟಿಗೆಯ ಬಳಿ ಒಂದು ಹೆಣ್ಣು ಮಗು ಆಡುತ್ತಿರುವುದನ್ನು ನೋಡಿದ್ದೆ. ಒಮ್ಮೆ ಅದರ ಹಿಂದಿನಿಂದ ಹೋರಿಯೊಂದು ನುಗ್ಗಿ ಬರುವಾಗ ನಾನು ಕೂಗಿದೆ. ಮಗು ತಿರುಗಲೇ ಇಲ್ಲ. ಓಡಿ ಹೋಗಿ ಎತ್ತಿಕೊಂಡೆ. ‘ಎಂಥ ಮೊಂಡು ಮಗು’ ಎಂದು ಗದರಿದೆ. ಯಾಕೆ ತಿರುಗಲಿಲ್ಲ ಎಂದು ಯೋಚಿಸಲಿಲ್ಲ.

ಶಾಲೆಯ ಕೈತೋಟದಲ್ಲಿ ಓಡಾಡಿದ ಮೇಲೆ, ಅದೇ ವರ್ಷದ ಸುಗ್ಗಿಯಲ್ಲಿ ಆ ಮನೆಗೆ ಹೋದಾಗ ಮಾತ್ರ ನನಗೆ ಹೊಳೆಯಿತು. ಮಗುವಿನ ಬೆನ್ನ ಹಿಂದೆ ನಿಂತು ತಟ್ಟೆ ಬಡಿದೆ. ಅದು ಅಲುಗಲಿಲ್ಲ. ತಂದೆ ತಲೆ ತಗ್ಗಿಸಿ, ‘ದೇವರು ಕೊಟ್ಟದ್ದು ಸ್ವಾಮಿ, ಯಾರಿಗೆ ಹೇಳೋಣ?’ ಎಂದರು. ತಾಯಿ ಬಸುರಿಯಲ್ಲಿ ಗ್ರಹಣ ನೋಡಿದ್ದೇ ಕಾರಣವೆಂದು ಊರೆಲ್ಲ ಆಡಿಕೊಂಡಿತ್ತು. ಆ ತಾಯಿ ಆರು ವರ್ಷ ಆ ಮಾತನ್ನು ನುಂಗಿಕೊಂಡಿದ್ದರು.

ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಗ್ರಹಣಕ್ಕೂ ಕಿವುಡಿಗೂ ಸಂಬಂಧವಿಲ್ಲ. ಆ ದಂಪತಿಗಳು ಸೋದರಮಾವ, ಸೊಸೆ. ನಮ್ಮಲ್ಲಿ ಇಂಥ ಮದುವೆ ವಾಡಿಕೆ. ಒಂದೇ ಕುಲದ ಬೇರಿನಲ್ಲಿ ಅಡಗಿರುವ ಒಂದು ದೋಷವು ತಂದೆ ತಾಯಿ ಇಬ್ಬರಲ್ಲೂ ಇರಬಹುದು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಇಬ್ಬರ ದೋಷವೂ ಕೂಡಿದರೆ ಮಗುವಿಗೆ ಕಿವುಡು ಬರುತ್ತದೆ. ಹೀಗಾಗುವ ಸಂಭವ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು. ಇದು ಯಾರ ಪಾಪವೂ ಅಲ್ಲ. ಆದರೆ ತಿಳಿದ ಮೇಲೆ ಮುಂದಿನ ಮದುವೆಗಳಲ್ಲಿ ವಿಚಾರ ಮಾಡುವುದು ನಮ್ಮ ಕೈಯಲ್ಲಿದೆ.

ಅಲ್ಲಿನ ಶ್ರವಣ ತಜ್ಞರು ಹೇಳಿದ ಒಂದು ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ‘ಒಂದು ವರ್ಷದ ಕೂಸಾಗಿದ್ದಾಗ ತಂದಿದ್ದರೆ ಮಾತು ಸುಲಭವಾಗಿ ಬರುತ್ತಿತ್ತು’ ಎಂದರು. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದ ಇದ್ದಾಗ ಬಿತ್ತಿದರೆ ಬೆಳೆ. ಹದ ಆರಿದ ಮೇಲೆ ಬಿತ್ತಿದರೆ ದುಡಿಮೆ ಎರಡರಷ್ಟು, ಫಲ ಅರ್ಧ. ಭಾಷೆಗೂ ಒಂದು ಹದವಿದೆ. ಅದು ಹುಟ್ಟಿದ ಮೊದಲ ಕೆಲವು ವರ್ಷಗಳು. ನಾನು ಆ ಮನೆಗೆ ಹೋಗಿ ಬಂದ ಎರಡು ವರ್ಷಗಳೂ ಆ ಲೆಕ್ಕದಲ್ಲಿಯೇ ಕಳೆದವು.

ಈ ವರ್ಷದ ಜೂನ್‌ನಲ್ಲಿ ಮಗು ಅದೇ ಶಾಲೆಗೆ ಸೇರಿತು. ಕಿವಿಗೆ ಯಂತ್ರ ಹಾಕಿದ್ದಾರೆ. ಸನ್ನೆ ಭಾಷೆಯನ್ನೂ ಕಲಿಸುತ್ತಿದ್ದಾರೆ. ಶನಿವಾರ ತಾಯಂದಿರಿಗೂ ಸನ್ನೆಯ ಪಾಠವಿದೆ. ಈ ತಾಯಿ ಒಂದು ವಾರವೂ ತಪ್ಪಿಸಿಲ್ಲ. ಶಾಲೆಯ ತೋಟದಲ್ಲಿ ಈಗ ಸೊಪ್ಪು, ಬದನೆ, ಮೆಣಸು ಬೆಳೆದು, ಮಕ್ಕಳ ಊಟಕ್ಕೆ ಆಗಿ ಮಿಕ್ಕದ್ದು ಸಂತೆಗೆ ಹೋಗುತ್ತದೆ. ಲೆಕ್ಕದ ಪುಸ್ತಕ ಬರೆಯುವವರೂ ಮಕ್ಕಳೇ.

ದಸರೆಯ ರಜೆಗೆ ಮಗು ಮನೆಗೆ ಬಂದಿತ್ತು. ಕೊಟ್ಟಿಗೆಯಿಂದ ಓಡಿ ಬಂದು ಎರಡು ಕೈಗಳಿಂದಲೂ ಏನೋ ಹೇಳಿತು. ತಾಯಿಗೆ ತಿಳಿಯಿತು. ತಂದೆಗೆ ತಿಳಿಯಲಿಲ್ಲ. ‘ಏನಂತೆ? ಏನಂತೆ ಅದು?’ ಎಂದು ಹೆಂಡತಿಯನ್ನು ಕೇಳಿದರು. ಹಸು ಈಯುವ ಹೊತ್ತಾಗಿದೆ ಎಂದು ಮಗು ಹೇಳುತ್ತಿತ್ತು. ‘ನನ್ನ ಮಗಳು ಮಾತನಾಡಿದಳು, ನನಗೆ ಮಾತ್ರ ಕೇಳಿಸಲಿಲ್ಲ’ ಎಂದು ಆ ರೈತರು ನನ್ನೊಡನೆ ಹೇಳಿಕೊಂಡರು. ಮುಂದಿನ ಶನಿವಾರ ತಾಯಂದಿರ ನಡುವೆ ಅವರೊಬ್ಬರೇ ಗಂಡಸಾಗಿ ಪಾಠಕ್ಕೆ ಕುಳಿತಿದ್ದರು.

ಬಾಂಧವರೆ, ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಶಾಲೆ ಹುಟ್ಟಿದ್ದು 1901ರಲ್ಲಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದೇ ಊರಿನಲ್ಲಿ 1965ರಲ್ಲಿ ಆರಂಭವಾಯಿತು. ಭಾರತೀಯ ಸನ್ನೆ ಭಾಷೆಯ ನಿಘಂಟು 2018ರಲ್ಲಿ 3,000 ಪದಗಳೊಡನೆ ಹೊರಬಂತು. 2021ರಲ್ಲಿ ಅದು 10,000 ಪದಗಳಿಗೆ ಬೆಳೆಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ ಪ್ರಕಾರ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವು ಹಕ್ಕು. ಯಾರೂ ಕೊಡುವ ಭಿಕ್ಷೆಯಲ್ಲ.

ಕೊನೆಯದಾಗಿ ಕೆಲವು ಕೋರಿಕೆಗಳು:

ಕೂಸು ದೊಡ್ಡ ಸದ್ದಿಗೆ ಬೆಚ್ಚದಿದ್ದರೆ, ಕರೆದ ಕಡೆಗೆ ತಿರುಗದಿದ್ದರೆ, ‘ದೊಡ್ಡದಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಇಲ್ಲವೆ ಅಂಗನವಾಡಿಯವರಿಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ತಪ್ಪದೆ ಹಾಕಿಸಿ. ಬಸುರಿಗೆ ರುಬೆಲ್ಲಾ ತಗಲಿದರೆ ಹುಟ್ಟುವ ಮಗುವಿನ ಕಿವಿ, ಕಣ್ಣು, ಗುಂಡಿಗೆ ಕೆಡಬಹುದು.

ಕಿವಿ ಸೋರಿದರೆ ಕಾದ ಎಣ್ಣೆ, ಸೊಪ್ಪಿನ ರಸ ಹಿಂಡಬೇಡಿ, ವೈದ್ಯರಿಗೆ ತೋರಿಸಿ.

ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಿ. ಅರ್ಜಿ ಬರೆಯಲು ನಾನು ನಿಮ್ಮ ಮನೆಗೇ ಬರುತ್ತೇನೆ.

ಇನ್ನೊಂದು ಕೋರಿಕೆಗೆ ಕಾಸು ಖರ್ಚಿಲ್ಲ. ಅಂಥ ಮಗುವಿಗೂ ತಂದೆ ತಾಯಿ ಇಟ್ಟ ಹೆಸರಿದೆ. ಆ ಹೆಸರಿನಿಂದಲೇ ಹೇಳಿ. ಕರೆಯಬೇಕಾದರೆ ಎದುರಿಗೆ ಬಂದು ಕೈ ಬೀಸಿ, ಇಲ್ಲವೆ ನೆಲವನ್ನು ಕಾಲಿನಿಂದ ತಟ್ಟಿ. ಅದಿರು ತಿಳಿದು ಮಗು ತಿರುಗುತ್ತದೆ. ಆ ರೈತರು ಈಗ ಹಾಗೆಯೇ ಮಗಳನ್ನು ಕರೆಯುತ್ತಾರೆ.

ನಾಳೆಯಿಂದ ನಿಮ್ಮ ಮನೆಗಳಿಗೆ ಬಂದಾಗ ಎತ್ತು, ಹಸು, ಬೆಳೆಗಳ ಸುದ್ದಿ ಕೇಳುವ ಮೊದಲು ಮನೆಯಲ್ಲಿ ಎಷ್ಟು ಮಕ್ಕಳಿದ್ದಾರೆಂದು ಕೇಳುತ್ತೇನೆ. ದಯವಿಟ್ಟು ಒಂದು ಮಗುವನ್ನೂ ಲೆಕ್ಕದಿಂದ ಬಿಡಬೇಡಿ.